ರೇಡಿಯೋ ಮೇಲಿನ ಹುಲಿ

ಅಳಿಯನಿಗೆ ಗೊತ್ತಿಲ್ಲದ ಕೆಲಸ ಜಗತ್ತಿನಲ್ಲಿ ಇರಲಿಲ್ಲ. ಬರುವ ಕೆಲಸವೂ ಇರಲಿಲ್ಲ. ಇಂಥವರು ಪ್ರತಿ ಮನೆತನದಲ್ಲೂ ಒಬ್ಬರಾದರೂ ಇರುತ್ತಾರೆ, ನೀವೂ ನೋಡಿರುತ್ತೀರಿ. ಗೋಡೆ ಗಡಿಯಾರ ನಿಧಾನವಾಯಿತು ಅಂದರೆ ಸಾಕು, "ಕೊಡಿ ಇಲ್ಲಿ" ಎಂದು ಕೈಚಾಚುತ್ತಾರೆ. ಅವರ ಕೈಯಿಂದ ಹೊರಬಂದ ಮೇಲೆ ಆ ಗಡಿಯಾರವನ್ನು ಗಡಿಯಾರ ಎಂದು ಗುರುತಿಸುವುದಕ್ಕೂ ಸಾಕ್ಷಿ ಬೇಕಾಗುತ್ತದೆ. ನಮ್ಮ ಅಳಿಯ ಹಗಲೆಲ್ಲ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕುಳಿತು, ಬಂದವರಿಗೆಲ್ಲ "ನಾಳೆ ಬರುತ್ತೆ" ಎಂದು ಹೇಳಿ ಕಳಿಸುವ ಗುಮಾಸ್ತ. ಕಚೇರಿ ಬಿಟ್ಟ ಮೇಲೆ ಸಕಲ ವಿದ್ಯಾ ಪಾರಂಗತ.

ಇವನ ಮಾವ ಅಗ್ನಿಶಾಮಕ ದಳದ ನಿವೃತ್ತ ಅಧಿಕಾರಿ. ಅವರು ಮೆಲ್ಲಗೆ ಮಾತಾಡಿದರೆ ಬೀದಿಯ ಆಚೆ ಬದಿಯವರಿಗೆ ಮಾತ್ರ ಕೇಳಿಸುತ್ತಿತ್ತು. ಜೋರಾಗಿ ಮಾತಾಡಿದ್ದನ್ನು ಅಳತೆ ಮಾಡುವ ಧೈರ್ಯ ಯಾರಿಗೂ ಆಗಿರಲಿಲ್ಲ. ಅವರ ಮೀಸೆ ಎರಡೂ ಕಡೆ ಕಿವಿಯತ್ತ ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಮೇಲಕ್ಕೆ ತಿರುಗಿತ್ತು. ಆದರೆ ಅವರಿಗೆ ಮೀಸೆಗಿಂತ ಹೆಮ್ಮೆಯ ವಸ್ತು ಇನ್ನೊಂದಿತ್ತು. ಅದು ಅವರ ಹಳೇ ರೇಡಿಯೋ.

ಎರಡು ತೋಳಲ್ಲಿ ತಬ್ಬಿ ಎತ್ತಬೇಕಾದಂಥ ಮರದ ಪೆಟ್ಟಿಗೆ ಅದು. ಅದು ಹಾಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಆದರೆ ಹಾಡು ಯಾರಿಗೆ ಬೇಕು? ಗುಂಡಿಗಳ ಮೇಲ್ಗಡೆ ಮರದ ಗೆರೆಗಳೆಲ್ಲ ಸುತ್ತಿ ಸುಳಿದು, ಎರಡು ಗಂಟುಗಳು ಎರಡು ಕಣ್ಣಾಗಿ, ನಡುವೆ ಪಟ್ಟೆ ಪಟ್ಟೆಯಾಗಿ ಒಂದು ಹುಲಿಯ ಮುಖ ಮೂಡಿತ್ತು. ಮನೆಗೆ ಬಂದವರು ಹುಲಿಯನ್ನು ನೋಡುವ ತನಕ ಕಾಫಿ ಹೊರಗೆ ಬರುತ್ತಿರಲಿಲ್ಲ.

"ಯಾರೂ ಬರೆದಿದ್ದಲ್ಲ ರೀ ಇದು! ಮರದ ಬೇರಿನೊಳಗೆ ತಾನಾಗೇ ಮೂಡಿದ್ದು! ನೂರಾರು ವರ್ಷ ಮಣ್ಣಲ್ಲಿ ಕೂತಿದ್ದು, ಕೊನೆಗೆ ನನ್ನ ಮನೆಗೇ ಬಂತು!" ಎಂದು ಮಾವ ಗರ್ಜಿಸುತ್ತಿದ್ದರು. ಒಬ್ಬ ವಿಮಾ ಏಜೆಂಟು ಬಾಯಿತಪ್ಪಿ "ಬೆಕ್ಕಿನ ಹಾಗಿದೆ" ಎಂದಿದ್ದ. ಪಾಪ, ಅವನ ಚಪ್ಪಲಿಯನ್ನು ಆಮೇಲೆ ಅಂಚೆಯಲ್ಲಿ ಕಳಿಸಬೇಕಾಯಿತು.

ಹೀಗಿರುವಾಗ ಪುರಭವನದಲ್ಲಿ ಹಳೇ ರೇಡಿಯೋಗಳ ಪ್ರದರ್ಶನ ಏರ್ಪಾಡಾಯಿತು. ಅತ್ಯಂತ ಸುಂದರ ಪೆಟ್ಟಿಗೆಗೆ ಬಹುಮಾನವಂತೆ. ಮಾವ ಹೆಸರು ಕೊಟ್ಟು ಬಂದರು. ಬಂದು ನೋಡಿದರೆ ಹುಲಿಯ ಮೇಲಿನ ವಾರ್ನಿಷ್ ಮಂಕಾಗಿ, ಅಲ್ಲಲ್ಲಿ ಬಿರುಕು ಬಿಟ್ಟು, ಹುಲಿಯ ಕಣ್ಣಿಗೆ ಪೊರೆ ಬಂದಂತೆ ಕಾಣುತ್ತಿತ್ತು. ಪಾಲಿಶ್ ಮಾಡುವವನು ನೆಂಟರ ಮದುವೆಗೆಂದು ಊರು ಬಿಟ್ಟಿದ್ದ. ಊಟಕ್ಕೆ ಕುಳಿತಲ್ಲಿ ಮಾವ ಇದನ್ನೇ ಹೇಳಿಕೊಂಡು ನಿಟ್ಟುಸಿರು ಬಿಟ್ಟರು.

"ಪಾಲಿಶ್ ತಾನೇ ಮಾವ?" ಎಂದ ಅಳಿಯ. "ನಂಗೆ ಬಿಡಿ. ಎಡಗೈ ಕೆಲಸ."

ಅತ್ತೆ ಬಡಿಸುವ ಸೌಟನ್ನು ಹಾಗೇ ಹಿಡಿದು ನಿಂತರು. ಹೆಂಡತಿ ಮೇಜಿನ ಕೆಳಗೆ ಗಂಡನ ತೊಡೆ ಚಿವುಟಿದಳು. ಯಾಕೆಂದರೆ ಮದುವೆಯಾದಂದಿನಿಂದ ಮಾವ ಅಳಿಯನ ಕೈಗೆ ನಂಬಿ ಕೊಟ್ಟದ್ದು ಮಗಳೊಬ್ಬಳನ್ನೇ. ಒಮ್ಮೆ ಒದ್ದೆ ಕೊಡೆ ಕೊಟ್ಟಿದ್ದರು, ಅದನ್ನೂ ಎರಡು ಹೆಜ್ಜೆ ಹೋಗುವುದರೊಳಗೆ ವಾಪಸು ಕಿತ್ತುಕೊಂಡಿದ್ದರು. ಮಾವ ಅಳಿಯನನ್ನು ಬಹಳ ಹೊತ್ತು ದಿಟ್ಟಿಸಿದರು. ಬೇರೆ ದಾರಿ ಇರಲಿಲ್ಲ.

"ನೋಡಪ್ಪ," ಎಂದು ರೇಡಿಯೋವನ್ನು ಎತ್ತಿ ಅವನ ತೋಳಿನಲ್ಲಿಟ್ಟರು. "ಇದು ನನ್ನ ಪ್ರಾಣ. ನಿನ್ನ ಕೈಲಿ ಕೊಡ್ತಿದೀನಿ."

ಅಳಿಯ ಅದನ್ನು ಎದೆಗವಚಿಕೊಂಡ. ಇದೊಂದು ಕೆಲಸ ಸರಿಯಾಗಿ ಮಾಡಿಕೊಟ್ಟರೆ ಮಾವನ ಕಣ್ಣಲ್ಲಿ ತಾನೂ ಒಬ್ಬ ಮನುಷ್ಯನಾಗುತ್ತೇನೆ ಎಂದು ಅವನಿಗೆ ಖಾತ್ರಿಯಾಯಿತು. ಆ ಕ್ಷಣದಿಂದ ಅವನಿಗೆ ಬೇಕಾದ್ದು ಅದೊಂದೇ.

ಮನೆಗೆ ತಂದು, ಮಹಡಿಯ ಮೇಲಿನ ಸಾಮಾನು ಕೋಣೆಯಲ್ಲಿ ರೇಡಿಯೋ ಇಟ್ಟು, ಬಾಗಿಲು ಹಾಕಿಕೊಂಡ. ಬಲ್ಲವರು ಇಂಥ ಪೆಟ್ಟಿಗೆಯನ್ನು ಮೊದಲು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತಾರೆ. ನಮ್ಮವನು ಬಣ್ಣದಂಗಡಿಗೆ ಹೋಗಿ, "ಅತಿ ಸ್ಟ್ರಾಂಗ್ ಥಿನ್ನರ್ ಯಾವುದಿದೆಯೋ ಅದನ್ನೇ ಕೊಡಿ" ಎಂದು ಕೇಳಿ ತಂದಿದ್ದ. ಹಳೇ ಬನಿಯನ್ನಿಗೆ ಧಾರಾಳವಾಗಿ ಸುರಿದುಕೊಂಡು ಹುಲಿಯ ಕಿವಿಯನ್ನು ಉಜ್ಜಿದ. ಬನಿಯನ್ ಕಂದು ಬಣ್ಣಕ್ಕೆ ತಿರುಗಿತು.

"ಅಬ್ಬಬ್ಬಾ, ಎಂಥ ಕೊಳೆ!" ಎಂದು ಹಿಗ್ಗಿದ. ಇನ್ನಷ್ಟು ಉಜ್ಜಿದ. ಇನ್ನಷ್ಟು ಕೊಳೆ ಬಂತು. ಮಾವ ಇಷ್ಟು ವರ್ಷ ಇಂಥ ಗಲೀಜನ್ನು ಮನೆಯ ನಡುವೆ ಇಟ್ಟುಕೊಂಡಿದ್ದರಲ್ಲ ಎಂದು ಮರುಕಪಟ್ಟು, ಹಾಡು ಗುನುಗುತ್ತಾ ಹಣೆ, ಕಣ್ಣು, ಮೂಗು, ಎರಡೂ ಕೆನ್ನೆ ಉಜ್ಜಿದ. ಬೆವರು ಒರೆಸಿಕೊಂಡು, ತನ್ನ ಕೆಲಸವನ್ನು ಮೆಚ್ಚಿಕೊಳ್ಳಲು ಒಂದು ಹೆಜ್ಜೆ ಹಿಂದೆ ಸರಿದು ನೋಡಿದ.

ಹುಲಿ ಇರಲಿಲ್ಲ.

ಎದುರಿಗಿದ್ದುದು ಮೂಲಂಗಿಯಷ್ಟು ಬಿಳಿಯಾದ ಒಂದು ಸಾದಾ ಹಲಗೆ. ಹುಲಿ ಸಪರಿವಾರ ಬನಿಯನ್ನಿಗೆ ವರ್ಗವಾಗಿತ್ತು. ನಡೆದದ್ದೇನೆಂದರೆ, ರೇಡಿಯೋ ಮಾಡಿದ ಕಾರ್ಖಾನೆಯವರು ಅಗ್ಗದ ಹಲಗೆಯಲ್ಲಿ ಪೆಟ್ಟಿಗೆ ಕೂಡಿಸಿ, ಅದರ ಮೇಲೆ ದುಬಾರಿ ಮರದ ಗೆರೆಗಳನ್ನು ಬಣ್ಣದಲ್ಲಿ ಮೂಡಿಸಿ, ವಾರ್ನಿಷ್ ಬಳಿದು ಕಳಿಸಿದ್ದರು. ಮಾವನವರ ಹುಲಿ ಯಾವ ಬೇರಿನಲ್ಲೂ ನೂರಾರು ವರ್ಷ ಕೂತಿರಲಿಲ್ಲ. ಮಾವ ಇನ್ನು ಕೆಲವೇ ದಿನಗಳಲ್ಲಿ ರೇಡಿಯೋ ಒಯ್ಯಲು ಬರುವವರಿದ್ದರು. ಅವರ ಪ್ರಾಣವನ್ನು ಬನಿಯನ್ನಿನಲ್ಲಿ ಒರೆಸಿಯಾಗಿತ್ತು.

ಅಳಿಯ ಗಡಿಬಿಡಿಯಿಂದ ಫೋನು ತೆಗೆದು ಹುಡುಕಿದ. ಒಂದು ವಿಡಿಯೋದಲ್ಲಿ ಗಡ್ಡದವನೊಬ್ಬ ಇಂಥ ಕಳೆದುಹೋದ ಗೆರೆಗಳನ್ನು ಕೈಯಿಂದಲೇ ಮರಳಿ ಬರೆಯುವುದನ್ನು ತೋರಿಸುತ್ತಿದ್ದ. ಕಂದು ಬಣ್ಣದ ಪುಡಿಯನ್ನು ಬಿಯರಿನಲ್ಲಿ ಕಲಸಬೇಕು. ಬಿಯರು ಬಣ್ಣವನ್ನು ಜಾರದಂತೆ ಹಿಡಿಯುತ್ತದೆ. ಆದರೆ ತಾಜಾ ಬಿಯರು ಆಗದು, ಬಾಯ್ತೆರೆದಿಟ್ಟು ಗ್ಯಾಸೆಲ್ಲ ಹೋಗಿ ಸಪ್ಪೆಯಾಗಿರಬೇಕು. ಹಕ್ಕಿಯ ಗರಿ, ಬಾಚಣಿಗೆ, ಹೆಬ್ಬೆರಳು, ಇಷ್ಟೇ ಆಯುಧ. "ಮುಖ್ಯವಾದ್ದು ಏನಂದ್ರೆ," ಎಂದ ಗಡ್ಡದವ, "ಕೈ ನಡುಗಬೇಕು. ಯಾವ ಮರವೂ ಸ್ಕೇಲ್ ಇಟ್ಟು ಗೆರೆ ಎಳೆಯಲ್ಲ. ನಡುಕ ಚೆನ್ನಾಗಿ ಅಭ್ಯಾಸ ಮಾಡಿ."

ಹುಲಿಯ ಒಂದು ಫೋಟೋ ಬೇಕಲ್ಲ? ಅತ್ತೆಗೆ ಗುಟ್ಟಾಗಿ ಫೋನು ಮಾಡಿ, "ಮನೆಯ ಹಳೇ ಫೋಟೋಗಳನ್ನೆಲ್ಲ ಕಳಿಸಿ ಅತ್ತೆ, ಯಾಕೋ ನಿಮ್ಮೆಲ್ಲರ ನೆನಪಾಗ್ತಿದೆ" ಎಂದ. ಅತ್ತೆ ಕರಗಿಹೋಗಿ ರಾಶಿ ಫೋಟೋ ಕಳಿಸಿದರು. ಎಲ್ಲದರಲ್ಲೂ ರೇಡಿಯೋ ಇತ್ತು. ಎಲ್ಲದರಲ್ಲೂ ರೇಡಿಯೋದ ಮುಂದೆ ಮಾವ ಎದೆಯುಬ್ಬಿಸಿ ನಿಂತಿದ್ದರು, ಸರಿಯಾಗಿ ಹುಲಿ ಇರುವ ಜಾಗದಲ್ಲಿ ಅವರ ಮುಖವಿತ್ತು.

ಇನ್ನು ಬಿಯರು. ನಮ್ಮ ಅಳಿಯ ಕೆಮ್ಮಿನ ಔಷಧಿ ಕುಡಿದರೂ ಅರ್ಧ ದಿನ ಮಲಗುವ ಜಾತಿ. ಅಂಥ ಅಂಗಡಿಯ ಮೆಟ್ಟಿಲು ತುಳಿದವನಲ್ಲ. ಯಾರೂ ಗುರುತಿಸಬಾರದೆಂದು ಟೋಪಿ ಎಳೆದುಕೊಂಡು, ಕಪ್ಪು ಕನ್ನಡಕ ಹಾಕಿ, ಕತ್ತಿಗೆ ಮಫ್ಲರ್ ಸುತ್ತಿ ಹೊರಟ. ದಿನವೂ ಅಲ್ಲಿಗೆ ಬರುವವರು ಯಾರೂ ಇಷ್ಟು ಸಂಶಯಾಸ್ಪದವಾಗಿ ಬರುತ್ತಿರಲಿಲ್ಲ.

"ಅಣ್ಣ, ಹಳಸಿದ ಬಿಯರ್ ಇದೆಯಾ?" ಎಂದು ಮೆಲುದನಿಯಲ್ಲಿ ಕೇಳಿದ.

"ಏನಂದ್ರಿ?"

"ಗ್ಯಾಸೆಲ್ಲ ಹೋಗಿರ್ಬೇಕು. ಯಾರಾದ್ರೂ ಅರ್ಧ ಕುಡಿದು ಬಿಟ್ಟಿರೋದಾದ್ರೂ ಪರವಾಗಿಲ್ಲ."

ಅಂಗಡಿಯವ ಎಷ್ಟೋ ತರದ ಗಿರಾಕಿಗಳನ್ನು ಕಂಡವನು. ಜಗಳಾಡುವವರನ್ನು, ಅಳುವವರನ್ನು, ಹಾಡುವವರನ್ನು ಕಂಡಿದ್ದ. ಇಷ್ಟು ಕೆಳಗಿಳಿದವನನ್ನು ಕಂಡಿರಲಿಲ್ಲ. ಅವನ ಕಣ್ಣು ತುಂಬಿತು. "ಸ್ವಾಮಿ, ಮನೆಯಲ್ಲಿ ಹೆಂಡತಿ ಇದಾರಾ?" ಎಂದು ಕೇಳಿದ. ಇದ್ದಾಳೆ ಎಂದದ್ದಕ್ಕೆ, "ಹಾಗಾದ್ರೆ ಮನೆಗೆ ಹೋಗಿ ಸ್ವಾಮಿ" ಎಂದು ಕೈಮುಗಿದ. ಕೊನೆಗೆ ಕಾಡಿ ಬೇಡಿ, ತಾಜಾ ಬಾಟಲಿಗಳನ್ನೇ ತೆಗೆದುಕೊಂಡು, ಅಲ್ಲೇ ಮುಚ್ಚಳ ತೆಗೆಸಿ, ಗ್ಯಾಸ್ ಬೇಗ ಹೋಗಲೆಂದು ಎರಡೂ ಕೈಯಲ್ಲಿ ಬಾಟಲಿಗಳನ್ನು ಗಲಗಲ ಅಲ್ಲಾಡಿಸುತ್ತಾ ಬೀದಿಗಿಳಿದ. ನೊರೆ ಉಕ್ಕಿ ಮಫ್ಲರಿನ ಮೇಲೆಲ್ಲ ಹರಿಯಿತು.

ಪಕ್ಕದ ಔಷಧಿ ಅಂಗಡಿಯಿಂದ ಇಳಿದು ಬಂದವರು ಕೆಳಗಿನ ಮನೆಯ ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಅವರಿಗೆ ರೋಗಿಗಳ ಅಭಾವ ಬಹಳವಾಗಿ ಕಾಡುತ್ತಿತ್ತು. ಯಾರಾದರೂ ಆಕಳಿಸಿದರೆ ನಾಡಿ ಹಿಡಿಯುತ್ತಿದ್ದರು. ಅಂಥವರ ಮುಂದೆ ಅಳಿಯ ನೊರೆಯಲ್ಲಿ ತೊಯ್ದು ನಿಂತ.

"ನಮಸ್ಕಾರ," ಎಂದ, ಎರಡೂ ಬಾಟಲಿ ಜೋಡಿಸಿ ಕೈಮುಗಿದು.

"ಮನೆಗೆ ಯಾರಾದ್ರೂ ಬಂದಿದಾರಾ?" ಎಂದರು ನರ್ಸಮ್ಮ.

"ಇಲ್ಲ. ಎಲ್ಲಾ ನನಗೇ."

ರೇಡಿಯೋ ವಿಷಯ ಇವರಿಗೆ ಹೇಳುವ ಹಾಗಿರಲಿಲ್ಲ. ನರ್ಸಮ್ಮನಿಗೂ ಅತ್ತೆಗೂ ದಿನವೂ ಫೋನಿನಲ್ಲಿ ಮಂಡಿನೋವಿನ ಮಾತುಕತೆ ಇತ್ತು. ಅಳಿಯ ತಾನು ಬಹಳ ಜಾಣತನದಿಂದ ಪಾರಾದೆ ಎಂದುಕೊಂಡು ಮನೆಗೆ ಬಂದು, ಬಿಯರನ್ನು ಬಟ್ಟಲುಗಳಿಗೆ ಸುರಿದು, ಸಾಮಾನು ಕೋಣೆಯ ಕಿಟಕಿಯಲ್ಲಿ ಸಾಲಾಗಿ ಆರಲು ಇಟ್ಟ. ರೇಡಿಯೋಗೆ ಬೆಡ್‌ಶೀಟ್ ಹೊದಿಸಿದ.

ಮರುದಿನ ಬೆಳಿಗ್ಗೆ ಅವನು ಬೀಗ ತೆಗೆಯುವುದನ್ನೇ ಕಾದಿದ್ದು, ಹೆಂಡತಿಯೂ ನರ್ಸಮ್ಮನೂ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರು. ಕೋಣೆಯ ವಾಸನೆಗೆ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ನೋಡಮ್ಮ, ನಾನು ಹೇಳ್ಲಿಲ್ವಾ?" ಎಂದರು ನರ್ಸಮ್ಮ. "ಬಟ್ಟಲಲ್ಲಿ! ಲೋಟದಲ್ಲೂ ಅಲ್ಲ, ಬಟ್ಟಲಲ್ಲಿ ಹಾಕ್ಕೊಂಡು! ಇದು ಕೊನೇ ಹಂತ."

"ಏನ್ರೀ ಇದೆಲ್ಲ?" ಎಂದಳು ಹೆಂಡತಿ.

ಅಳಿಯ ರೇಡಿಯೋಗೆ ಅಡ್ಡ ನಿಂತ. ಬಣ್ಣ ಕಲಸುವುದಕ್ಕೆ ಎಂದರೆ ಯಾವುದಕ್ಕೆ ಬಣ್ಣ ಎಂದು ಕೇಳುತ್ತಾಳೆ. ಯಾವುದಕ್ಕೆ ಎಂದರೆ ಬೆಡ್‌ಶೀಟ್ ಎತ್ತುತ್ತಾಳೆ. ಎತ್ತಿದರೆ, ಅಪ್ಪನಿಗೆ ಹೇಳದೆ ಒಂದು ಸೀನನ್ನೂ ಸೀನದ ಮಗಳು ಇವಳು. ಒಂದು ಕಡೆ ಹುಲಿಯನ್ನು ಒರೆಸಿಹಾಕಿದ ಅಳಿಯ, ಇನ್ನೊಂದು ಕಡೆ ಬರೀ ಕುಡುಕ ಅಳಿಯ. ಮನಸ್ಸಿನಲ್ಲೇ ತೂಗಿ ನೋಡಿದ. ಕುಡುಕನೇ ಎಷ್ಟೋ ವಾಸಿ ಅನಿಸಿತು.

"ಹೌದು ಕಣೇ," ಎಂದು ತಲೆ ತಗ್ಗಿಸಿದ. "ಕುಡೀತೀನಿ."

"ಅಯ್ಯೋ! ಯಾವಾಗಿಂದ?"

"ನಿನ್ನೆಯಿಂದ."

"ಒಂದೇ ದಿನಕ್ಕೆ ಇಷ್ಟು ಬಟ್ಟಲಾ? ಯಾಕ್ರೀ, ಏನು ಕಷ್ಟ ಬಂತು ನಿಮಗೆ?"

"ಆಫೀಸಲ್ಲಿ ದೂರು ಜಾಸ್ತಿ."

"ಈ ಗರಿ ಯಾಕೆ?"

"ಕುಡಿದ ಮೇಲೆ ಕಿವಿ ಕಡಿಯುತ್ತೆ."

"ಬಾಚಣಿಗೆ?"

"ಕುಡಿದ್ರೂ ನೀಟಾಗಿರ್ಬೇಕಲ್ಲ."

ಹೆಂಡತಿ ಗೊಳೋ ಎಂದು ಅತ್ತಳು. ಅವಳು ಅಳುವುದನ್ನು ನೋಡಿ ಅಳಿಯನಿಗೂ ನಿಜವಾಗಿಯೇ ಅಳು ಬಂತು. ನರ್ಸಮ್ಮ ಮಾತ್ರ ಬಹಳ ದಿನಗಳ ಮೇಲೆ ಉತ್ಸಾಹದಿಂದ ಅರಳಿ, ಅವನ ಕೆಳಗಿನ ರೆಪ್ಪೆ ಎಳೆದು ನೋಡಿ, ನಾಲಿಗೆ ಚಾಚಿಸಿ, "ಲಿವರ್ ಇನ್ನೂ ಸ್ವಲ್ಪ ಉಳಿದಿದೆ" ಎಂದು ಘೋಷಿಸಿದರು. ಅಂದಿನಿಂದ ಹೊತ್ತು ಹೊತ್ತಿಗೆ ಸರಿಯಾಗಿ ನಿಂಬೆ ನೀರು ಮೇಲಕ್ಕೆ ಬರತೊಡಗಿತು. ಎದುರು ಮನೆಯವರು ಅವನನ್ನು ಕಂಡರೆ ದಾರಿ ಬಿಟ್ಟು, ಕೈಹಿಡಿದು ಮೆಟ್ಟಿಲು ಇಳಿಸುತ್ತಿದ್ದರು. ಇಷ್ಟು ವರ್ಷ ಮರ್ಯಾದಸ್ಥನಾಗಿ ಬದುಕಿದಾಗ ಒಬ್ಬರೂ ಹೀಗೆ ನೋಡಿಕೊಂಡಿರಲಿಲ್ಲ.

ಕಚೇರಿಯಲ್ಲಿ ನಡುಕದ ಅಭ್ಯಾಸ ಶುರುವಾಯಿತು. ದೂರು ಕೊಡಲು ಬಂದವರ ಮುಂದೆಯೇ ಪೆನ್ನನ್ನು ಗರಿಯಂತೆ ಹಿಡಿದು, ಖಾಲಿ ಹಾಳೆಯ ಮೇಲೆ ತರತರ ನಡುಗಿಸುತ್ತಾ ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದ. ನೀರು ಬಂದಿಲ್ಲವೆಂದು ಜಗಳಕ್ಕೆ ಬಂದಿದ್ದ ಹೆಂಗಸೊಬ್ಬಳು ಅವನ ಕೈ ನೋಡಿ, "ನಮಗೇನೂ ಅವಸರ ಇಲ್ಲಪ್ಪ, ನೀನು ಹುಷಾರು" ಎಂದು ಹೇಳಿ ವಾಪಸಾದಳು.

ಸಾಹೇಬರು ಗಾಜಿನ ಆಚೆಯಿಂದ ಎಲ್ಲವನ್ನೂ ನೋಡಿ ಒಳಗೆ ಕರೆದರು. "ಕೂತ್ಕೊಳ್ಳಿ. ಕೈ ತೋರಿಸಿ. ಎಷ್ಟು ದಿನದಿಂದ ಈ ನಡುಕ?"

"ಈಗ ತಾನೇ ಕೈಗೆ ಹತ್ತುತ್ತಾ ಇದೆ ಸಾರ್. ಇನ್ನೂ ಚೆನ್ನಾಗಿ ಬರಬೇಕು."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಚಿಕ್ಕಪ್ಪನೂ ಹೀಗೇ ಮಾತಾಡ್ತಿದ್ರು ರೀ. ನೋಡಿ, ರಜೆ ತಗೊಳ್ಳಿ. ನಿಮ್ಮ ದೂರುಗಳನ್ನೆಲ್ಲ ನಾನೇ ನೋಡ್ಕೋತೀನಿ." ತಂಗಿಯ ಮದುವೆಗೆ ಅರ್ಧ ದಿನ ರಜೆ ಕೇಳಿದಾಗ ಕಣ್ಣು ಕೆಂಪಗೆ ಮಾಡಿದ್ದ ಸಾಹೇಬರು ಇವರೇ. ಅಳಿಯ ಕೃತಜ್ಞತೆಯಿಂದ ಕೈಕುಲುಕಿದ. ಅದೂ ನಡುಗಿತು.

ರಜೆ ಸಿಕ್ಕಿದ್ದೇ ತಡ, ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತ. ಬಿಯರ್ ಬಣ್ಣದಲ್ಲಿ ಒಂದು ಅನುಕೂಲವಿತ್ತು, ವಾರ್ನಿಷ್ ಬಳಿಯುವ ತನಕ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಿತ್ತು. ಮೊದಲನೆಯ ಸಲ ಹುಲಿ ಆಡಾಗಿ ಬಂತು. ಒರೆಸಿದ. ಆಮೇಲೆ ಬಂದದ್ದು ಮೀನೋ, ಬದನೆಕಾಯಿಯೋ ತೀರ್ಮಾನವಾಗಲಿಲ್ಲ. ಅದನ್ನೂ ಒರೆಸಿದ. ಇನ್ನೊಂದು ಸಲವಂತೂ ವಿಮಾ ಏಜೆಂಟು ಹೇಳಿದ್ದ ಬೆಕ್ಕೇ ಪ್ರತ್ಯಕ್ಷವಾಯಿತು, ಮಿಯಾಂವ್ ಎನ್ನುವುದೊಂದು ಬಾಕಿ. ಹೆಬ್ಬೆರಳು ಉಗುರಿನ ತನಕ ಕಂದಾಯಿತು. ಹುಲಿಯ ಮುಖ ಹೇಗಿತ್ತೆಂದು ಕಣ್ಣುಮುಚ್ಚಿ ನೆನಪಿಸಿಕೊಂಡರೆ, ಅದರ ಪಕ್ಕದಲ್ಲೇ ನಿಂತು ಗುಡುಗುವ ಮಾವನ ಮುಖವೇ ಎದ್ದು ಬರುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಕೈ ತಾನಾಗಿ ನಡುಗಿತು, ಗರಿ ತಾನಾಗಿ ಜಾರಿತು, ಗೆರೆಗಳು ಸುತ್ತಿದವು, ಹೆಬ್ಬೆರಳ ಎರಡು ಒತ್ತಿಗೆ ಎರಡು ಕಣ್ಣು ಮೂಡಿದವು. ಎಂಥ ಕಣ್ಣು! ನೋಡಿದರೆ ಭಯವಾಗಬೇಕು. ಇದೇ ಹುಲಿ, ಸಂಶಯವೇ ಇಲ್ಲ ಎಂದುಕೊಂಡು, ಮನಸ್ಸು ಬದಲಾಗುವ ಮುಂಚೆ ವಾರ್ನಿಷ್ ಬಳಿದ. ಅದು ಒಣಗಿತು. ಇನ್ನು ಒರೆಸುವ ಹಾಗಿಲ್ಲ.

ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಈ ಮುಖವನ್ನು ಎಲ್ಲೋ ಕಂಡಂತಿದೆಯಲ್ಲ? ಹುಬ್ಬು ಗಂಟಿಕ್ಕಿದ ರೀತಿ, ಮೂಗಿನ ಎರಡು ಕಡೆಯಿಂದ ಕಿವಿಯತ್ತ ಹೊರಟು ಅರ್ಧದಲ್ಲಿ ಮೇಲಕ್ಕೆ ತಿರುಗಿದ ಪಟ್ಟೆಗಳು...

"ಎಲ್ಲಿದಾನಮ್ಮ ಅವನು?" ಎಂದು ಕೆಳಗಡೆ ಸೈರನ್ ಮೊಳಗಿತು.

ಮಾವ! ಅಳಿಯ ರೇಡಿಯೋದ ಕಡೆ ನೋಡಿದ. ರೇಡಿಯೋದಿಂದಲೂ ಮಾವನೇ ನೋಡುತ್ತಿದ್ದರು. ಬೆಡ್‌ಶೀಟನ್ನು ಅದರ ಮೇಲೆ ಎಸೆದು ಹೊರಗೋಡಿ ಬಾಗಿಲು ಎಳೆದುಕೊಂಡು, ಮಹಡಿಯ ಮೆಟ್ಟಿಲಿನ ಮೇಲೆ ಕುಸಿದು ಕುಳಿತ. ಮಾವ ಏದುಸಿರು ಬಿಡುತ್ತಾ ಹತ್ತಿ ಬಂದರು. ಅಳಿಯ ಕಣ್ಣುಮುಚ್ಚಿ, ಕಿವಿಗೆ ಬೀಳಬೇಕಾದ ಸಿಡಿಲಿಗೆ ಸಿದ್ಧನಾದ. ಸಿಡಿಲು ಬೀಳಲಿಲ್ಲ. ಮಾವ ಅವನ ಪಕ್ಕದಲ್ಲಿ ಕೂತರು.

"ಮಗಳು ಎಲ್ಲಾ ಹೇಳಿದ್ಲು," ಎಂದರು. ಅವರ ದನಿ ಎಂದಿಗಿಂತ ಮೆತ್ತಗಿತ್ತು. "ಆ ರೇಡಿಯೋ ಕೊಟ್ಟ ಮೇಲೇ ನಿನಗಿದು ಶುರುವಾಗಿದ್ದಂತೆ. ನಾನು ನಿನ್ನ ಮೇಲೆ ಜಾಸ್ತಿ ಭಾರ ಹಾಕ್ಬಿಟ್ನೇನಪ್ಪ? ಪಾಲಿಶ್ ಆಗ್ಲಿಲ್ಲ ಅಂದ್ರೆ ಬೇಡ ಬಿಡು. ಹಾಗೇ ಕೊಡು. ರೇಡಿಯೋ ಹೋದ್ರೆ ಹೋಯ್ತು. ನೀನು ಹೋದ್ರೆ ಏನ್ಮಾಡ್ಲಿ?"

ಬಯ್ದಿದ್ದರೆ ಅಳಿಯ ಸುಳ್ಳು ಹೇಳಿಕೊಂಡು ಸುಖವಾಗಿ ಇದ್ದುಬಿಡಬಹುದಿತ್ತು. ಈ ಮಾತಿಗೆ ಏನು ಹೇಳುವುದು? ಆದದ್ದಾಗಲಿ ಎಂದು ಗಟ್ಟಿ ಮನಸ್ಸು ಮಾಡಿದ.

"ಮಾವ, ನಿಮ್ಮ ಹುಲಿ..."

"ಹುಲಿಗೇನಾಯ್ತು?!" ಬೀದಿಯ ನಾಯಿಗಳೆಲ್ಲ ಬೊಗಳಿದವು.

"ಹುಲಿ ಹೊಳೀತಾ ಇದೆ ಮಾವ."

"ಹೌದಾ! ನೋಡೋಣ ನಡಿ!"

"ಬೇಡ ಬೇಡ! ಹೊಸ ವಾರ್ನಿಷ್ಷು, ಧೂಳು ಸೋಕಿದ್ರೆ ಕೆಟ್ಟುಹೋಗುತ್ತೆ. ಬೆಡ್‌ಶೀಟ್ ಸಮೇತ ತಗೊಂಡು ಹೋಗಿ, ಅಲ್ಲಿ ಪ್ರದರ್ಶನದಲ್ಲೇ ತೆಗೀಬೇಕು. ಹಾಗೇನೇ ಅದರ ಕ್ರಮ."

ಕುಡುಕನಾದರೂ ಕೆಲಸದಲ್ಲಿ ಎಷ್ಟು ಶ್ರದ್ಧೆ ಎಂದು ಮಾವ ಅವನ ಬೆನ್ನು ಸವರಿದರು.

ಪ್ರದರ್ಶನದ ದಿನ ಪುರಭವನ ಕಿಕ್ಕಿರಿದಿತ್ತು. ಮಾವನ ಕಡೆಯಿಂದ ಅತ್ತೆ, ಮಗಳು ಬಂದಿದ್ದರು. ನರ್ಸಮ್ಮ ನಿಂಬೆ ನೀರಿನ ಫ್ಲಾಸ್ಕಿನೊಂದಿಗೆ ಅಳಿಯನ ಎಡಕ್ಕೆ, ಸಾಹೇಬರು ಸ್ವಯಂಪ್ರೇರಣೆಯಿಂದ ಬಲಕ್ಕೆ ನಿಂತು, ಅವನು ಎಲ್ಲೂ ಬೀಳದ ಹಾಗೆ ತೋಳು ಹಿಡಿದುಕೊಂಡಿದ್ದರು. ರೇಡಿಯೋವನ್ನು ಬೆಡ್‌ಶೀಟ್ ಹೊದಿಸಿದಂತೆಯೇ ಮೇಜಿನ ಮೇಲೆ ಇಡಲಾಯಿತು. ತೀರ್ಪುಗಾರರು ಬರುವ ಮೊದಲು ಮಾವ ಅಕ್ಕಪಕ್ಕದ ಮೇಜುಗಳವರಿಗೆ ಮುನ್ನುಡಿ ಹೇಳಲು ಹೊರಟರು.

"ನೀವು ಇಂಥದ್ದನ್ನ ನೋಡಿರಲ್ಲ ರೀ. ಬೇರಿನೊಳಗೇ ಮೂಡಿದ ಹುಲಿ! ಗುಂಡಿಗಳ ಮೇಲ್ಗಡೆ, ಎರಡು ಗಂಟು ಎರಡು ಕಣ್ಣಾಗಿ..." ಎನ್ನುತ್ತಿದ್ದವರು ಅಲ್ಲಿಗೇ ನಿಂತರು.

ಪಕ್ಕದ ಮೇಜಿನ ಮೇಲೆ ಒಂದು ರೇಡಿಯೋ ಇತ್ತು. ಗುಂಡಿಗಳ ಮೇಲ್ಗಡೆ, ಎರಡು ಗಂಟು ಎರಡು ಕಣ್ಣಾಗಿ, ಹುಲಿ ಕೂತಿತ್ತು. ಅದರಾಚೆ ಮೇಜಿನ ಮೇಲೆ ಇನ್ನೊಂದು ರೇಡಿಯೋ, ಇನ್ನೊಂದು ಹುಲಿ. ಗೋಡೆಯ ಬಳಿಯೂ ಒಂದು. ಅದೇ ಕಿವಿ, ಅದೇ ಪಟ್ಟೆ, ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ.

"ತಾನಾಗೇ ಮೂಡಿದ್ದು ಇದು! ನನ್ನ ಹತ್ರ ಮಾತ್ರ ಇರೋದು!" ಎಂದು ಒಬ್ಬ ದರ್ಜಿ ತನ್ನ ಹುಲಿಯನ್ನು ತಬ್ಬಿಕೊಂಡು ಕೂಗುತ್ತಿದ್ದ. "ಸುಳ್ಳು! ನನ್ನದು ಅಸಲಿ!" ಎಂದು ಒಬ್ಬ ದಂತವೈದ್ಯೆ ಅವನ ಮೇಲೆ ರೇಗುತ್ತಿದ್ದರು. ಭೂತಗನ್ನಡಿ ಹಿಡಿದ ತೀರ್ಪುಗಾರರು ಬಂದು ಒಂದೊಂದನ್ನೇ ಬಗ್ಗಿ ನೋಡಿ, ಬೇಸರದಿಂದ ತಲೆಯಾಡಿಸಿದರು. "ಯಾಕೆ ಜಗಳ? ಎಲ್ಲಾ ಕಾರ್ಖಾನೆಯ ಅಚ್ಚು. ಇಂಥವು ಸಾವಿರಾರು ಇವೆ."

ಮಾವ ಮೆಲ್ಲಗೆ ವಾಪಸು ಬಂದು ಕುರ್ಚಿಯಲ್ಲಿ ಕೂತರು. ಮೀಸೆ ಇಳಿಬಿದ್ದಿತ್ತು. ಕಾಫಿ ಕುಡಿಯಲು ಬಂದು ಹುಲಿ ನೋಡಿಹೋದ ಅಷ್ಟೂ ಜನರ ಮುಖ ಅವರ ಕಣ್ಣೆದುರು ಸಾಲಾಗಿ ನಿಂತಿರಬೇಕು. "ನಡಿ ಹೋಗೋಣ," ಎಂದರು ಅಳಿಯನಿಗೆ. "ಬಟ್ಟೆ ತೆಗೀಬೇಡ. ಹಾಗೇ ಎತ್ಕೊ."

ಅಳಿಯನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತೇ? ರೇಡಿಯೋ ಎತ್ತಿಕೊಂಡು ನಡೆದುಬಿಟ್ಟರೆ ಆಯಿತು, ಮಾವ ಇನ್ನು ಆ ಹುಲಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಇವನು ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಆ ದೊಡ್ಡ ಮನುಷ್ಯ ಕುರ್ಚಿಯಲ್ಲಿ ಅಷ್ಟು ಚಿಕ್ಕದಾಗಿ ಕೂತಿದ್ದನ್ನು ನೋಡಲು ಅವನಿಂದ ಆಗಲಿಲ್ಲ. ನರ್ಸಮ್ಮನ ಕೈಯನ್ನೂ ಸಾಹೇಬರ ಕೈಯನ್ನೂ ಕೊಡವಿಕೊಂಡು, ಮುಂದೆ ಹೋಗಿ ಬೆಡ್‌ಶೀಟನ್ನು ಸರ್ರನೆ ಎಳೆದ.

ತೀರ್ಪುಗಾರರು ಭೂತಗನ್ನಡಿ ಹಿಡಿದು ಧಾವಿಸಿ ಬಂದರು.

"ಇದು ಅಚ್ಚಲ್ಲ!" ಎಂದರು ತೀರ್ಪುಗಾರರು. "ಒಂದು ಗೆರೆ ಇದ್ದ ಹಾಗೆ ಇನ್ನೊಂದಿಲ್ಲ! ನಾನು ಇಂಥದ್ದು ಕಂಡೇ ಇಲ್ಲ!"

"ಅಯ್ಯಯ್ಯೋ, ಇವರದೇ ಮುಖ ನೋಡ್ರೀ!" ಎಂದು ದರ್ಜಿ ಮಾವನತ್ತ ಬೊಟ್ಟು ಮಾಡಿದ. "ಮೀಸೆ ನೋಡ್ರೀ, ಮೀಸೆ!"

ಜನ ಮುಗಿಬಿದ್ದರು. ರೇಡಿಯೋ ನೋಡಿದರು, ಮಾವನನ್ನು ನೋಡಿದರು, ಮತ್ತೆ ರೇಡಿಯೋ ನೋಡಿದರು. ದಂತವೈದ್ಯೆ ಕೆನ್ನೆಗೆ ಕೈಯಿಟ್ಟುಕೊಂಡರು. ಮಾವ ಎದ್ದು ಬಂದು, ತಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದ ಹುಲಿಯನ್ನು ತಾವೂ ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ತೀರ್ಪುಗಾರರು ಮೂಗನ್ನು ಪೆಟ್ಟಿಗೆಯ ಸಂದಿಗೆ ತಂದು ಮೂಸಿದರು. "ಇದೇನಿದು ವಾಸನೆ? ಬಿಯರ್ ತರ ಇದೆಯಲ್ಲ! ಹಿಂದಿನ ಕಾಲದವರು ಗೆರೆ ಬರೆಯೋಕೆ ಬಿಯರನ್ನೇ..."

ಅಳಿಯ ಹುಲಿಗೂ ಆ ಮೂಗಿಗೂ ನಡುವೆ ನುಗ್ಗಿದ.

"ಅದು ಇವರ ವಾಸನೆ ಸಾರ್!" ಎಂದು ನರ್ಸಮ್ಮ ಓಡಿಬಂದು ಅಳಿಯನನ್ನು ರೇಡಿಯೋದಿಂದ ದೂರ ಎಳೆದರು. "ರೇಡಿಯೋದ್ದಲ್ಲ! ಪಾಪ, ಕುಡೀತಾರೆ ಇವರು. ಬಟ್ಟಲಲ್ಲಿ!"

"ನಮ್ಮ ಆಫೀಸಿನವರು ಸಾರ್," ಎಂದು ಸಾಹೇಬರು ಸೇರಿಸಿದರು. "ಕೈನಡುಕವನ್ನು ನಾನೇ ಕಣ್ಣಾರೆ ನೋಡಿದೀನಿ."

ತೀರ್ಪುಗಾರರು "ಓಹೋ" ಎಂದು ಕನಿಕರದಿಂದ ತಲೆದೂಗಿ ಬಹುಮಾನದ ಫಲಕ ತರಲು ಹೊರಟರು. ಆದರೆ ಹೆಂಡತಿ ಮುಂದೆ ಬಂದು ಹುಲಿಯನ್ನು ನೋಡಿದಳು. ಗಂಡನ ಕಂದು ಹೆಬ್ಬೆರಳನ್ನು ನೋಡಿದಳು. ಗರಿ, ಬಾಚಣಿಗೆ, ಬಟ್ಟಲು, ಒಂದೊಂದಾಗಿ ಅವಳ ಮುಖದಲ್ಲಿ ಹಾದುಹೋದವು. ಅಷ್ಟು ದಿನ ಅತ್ತವಳು ಬಾಯಿಗೆ ಸೆರಗು ತುರುಕಿಕೊಂಡು, ಕಂಬದ ಮರೆಗೆ ಹೋಗಿ, ನಗು ತಡೆಯಲಾರದೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಮಾವನೂ ಆ ಹೆಬ್ಬೆರಳನ್ನು ನೋಡಿದ್ದರು. ಅಳಿಯನ ಕಿವಿಯ ಬಳಿ ಬಗ್ಗಿದರು. ಬದುಕಿನಲ್ಲಿ ಮೊದಲ ಸಲ ಅವರ ಪಿಸುಮಾತು ಪಿಸುಮಾತಾಗಿಯೇ ಬಂತು.

"ನೀನು ಕುಡಿಯಲ್ವಾ?"

"ಒಂದು ತೊಟ್ಟೂ ಇಲ್ಲ ಮಾವ."

"ನನ್ನ ಹಳೇ ಹುಲಿ?"

"ಬನಿಯನ್ ಮೇಲಿದೆ."

ಮಾವ ಉಸಿರೆಳೆದುಕೊಂಡರು. ಅಳಿಯ ಕಣ್ಣು ಮುಚ್ಚಿಕೊಂಡ. ಎದುರಿಗೆ ದರ್ಜಿ, ದಂತವೈದ್ಯೆ, ಊರಿನ ಅರ್ಧ ಜನ ಹೊಸ ಹುಲಿಗೆ ಕೈಮುಗಿಯುವುದೊಂದು ಬಾಕಿ ಎಂಬಂತೆ ನಿಂತಿದ್ದರು. ಒಂದು ಮಾತು ಹೊರಬಿದ್ದರೆ ಎಲ್ಲವೂ ಮುಗಿಯುತ್ತಿತ್ತು.

"ಇದು ಯಾರಿಗೂ ಗೊತ್ತಾಗಬಾರದು," ಎಂದರು ಮಾವ. "ಬಿಯರ್ ಯಾಕೆ ತಂದೆ ಅಂತ ಯಾರು ಕೇಳಿದ್ರೂ... ನನಗೋಸ್ಕರ... ಸ್ವಲ್ಪ ಕುಡುಕನಾಗೇ ಇರ್ತೀಯೇನಪ್ಪ?"

"ಸಾಯೋ ತನಕ ಇರ್ತೀನಿ ಮಾವ," ಎಂದ ಅಳಿಯ, ಕಣ್ಣೀರು ಸುರಿಸುತ್ತಾ.

ಆಗ ಮಾವ ಅವನ ಹೆಗಲ ಮೇಲೆ ಕೈ ಹಾಕಿ, ಬರಸೆಳೆದು ಅಪ್ಪಿಕೊಂಡು, ಮೀಸೆ ಮತ್ತೆ ಮೇಲೇರಿಸಿ, ಪುರಭವನದ ಕಿಟಕಿಗಳು ಅದುರುವಂತೆ ಗರ್ಜಿಸಿದರು: "ಹೌದ್ರೀ! ಕುಡೀತಾನೆ! ಏನೀಗ? ನನ್ನ ಅಳಿಯ ಇವನು! ನನ್ನ ಅಳಿಯ!"

ಎಲ್ಲರೂ ತಿರುಗಿ ನೋಡಿದರು. ಅಳಿಯ ಹೆಮ್ಮೆಯಿಂದ ಎದೆಯುಬ್ಬಿಸಿ, ತನ್ನ ಕೈಲಾದಷ್ಟು ಚೆನ್ನಾಗಿ ತೂರಾಡಿದ.